ಕೈ ಒಣಗಿರುವಾಗಲೇ ಹಬ್ ತಿರುಗಿಸಿ: ಶಿರಸಿ ಸೀಮೆಯ ಮಣ್ಣುದಾರಿಯಲ್ಲಿ ಫೋರ್‌ವೀಲ್ ಜೀಪು

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ. ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ತೋಟದ ಅಂಚಿಗೆ ಇಳಿಸಿ, ಖಾಲಿ ಜೀಪನ್ನು ಮನೆಯ ಕಡೆ ಹತ್ತಿಸುತ್ತಿದ್ದೆ. ಅರ್ಧ ಏರಿನಲ್ಲಿ ಹಿಂದಿನ ಚಕ್ರಗಳು ತಿರುಗತೊಡಗಿದವು. ಫೋರ್‌ವೀಲ್ ಹಾಕಿಯೇ ಇತ್ತು, ಆದರೂ ಮುಂದಿನ ಎರಡು ಚಕ್ರ ಅಲ್ಲಾಡಲಿಲ್ಲ. ಇಳಿದು ನೋಡಿದರೆ ನನ್ನ ಬದಿಯ ಹಬ್ (ಮುಂದಿನ ಚಕ್ರದ ನಡುವಿನ, ಕೈಯಿಂದ ತಿರುಗಿಸುವ ಕೊಂಡಿ) ಲಾಕ್‌ನಲ್ಲಿತ್ತು, ಅಳಿಯ ಕೂತಿದ್ದ ಬದಿಯದು ಫ್ರೀಯಲ್ಲೇ ಇತ್ತು. "ಮಾವ, ಆಚೆ ಬದೀದೂ ನೀನೇ ಹಾಕಿದ್ದೆ ಹೇಳಿ ಮಾಡ್ಕಂಡಿದ್ದಿ" ಅಂದ. ಅವನು ಹಾಕಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಆ ಚಕ್ರ ಮೊಳಕಾಲುದ್ದದ ರಾಡಿಯಲ್ಲಿ ಹೂತಿತ್ತು. ಡಯಲ್ ಮೇಲಿನ ಮಣ್ಣು ಕೆರೆದು, ಒದ್ದೆ ಬೆರಳಲ್ಲಿ ತಿರುಗಿಸಿ ತಿರುಗಿಸಿ ಉಗುರು ಕಿತ್ತಿತು. ಅಷ್ಟರಲ್ಲಿ ಕಾಲಿಗೆ ನಾಲ್ಕು ಉಂಬಳ (ಜಿಗಣೆ).

ಆವತ್ತಿನಿಂದ ನಮ್ಮನೆಯಲ್ಲಿ ಒಂದು ಕಟ್ಟಳೆ: ಹಬ್ ತಿರುಗಿಸುವುದು ಅಂಗಳದಲ್ಲಿ, ಕೈ ಒಣಗಿರುವಾಗ, ಮತ್ತು ಎರಡೂ ಬದಿಯದನ್ನು ಒಬ್ಬನೇ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲಿನದು.

ಹಬ್ ಒಳಗೆ ಆಗುವುದೇನು

ಹಳೆಯ ಮಹೀಂದ್ರ ಜೀಪು, ಹಳೆಯ ಜಿಪ್ಸಿ ಇಂಥವುಗಳದ್ದು ಅರೆಕಾಲಿಕ ಫೋರ್‌ವೀಲ್. ಮಾಮೂಲಿಯಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರುಪೆಟ್ಟಿಗೆ) ಲಿವರ್ ಎಳೆದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೂ (ಗಾಡಿಯ ಅಡಿಯಲ್ಲಿ ತಿರುಗುವ ಉದ್ದ ದಂಡ) ಬಲ ಹೋಗುತ್ತದೆ, ಅಲ್ಲಿಂದ ಎರಡು ಚಕ್ರಕ್ಕೆ ಬಲ ಹಂಚುವ ಮುಂದಿನ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಎರಡೂ ಬದಿಯ ಆಕ್ಸಲ್ ಶಾಫ್ಟಿಗೆ. ಆ ಆಕ್ಸಲ್ ಶಾಫ್ಟಿಗೂ ಚಕ್ರಕ್ಕೂ ನಡುವಿನ ಕೊನೆಯ ಕೊಂಡಿಯೇ ಲಾಕಿಂಗ್ ಹಬ್. ಒಳಗೆ ಹಲ್ಲಿರುವ ಒಂದು ಉಂಗುರ ಇರುತ್ತದೆ. ಡಯಲನ್ನು ಲಾಕ್‌ಗೆ ತಿರುಗಿಸಿದರೆ ಉಂಗುರ ಸರಿದು ಶಾಫ್ಟನ್ನೂ ಚಕ್ರವನ್ನೂ ಕೂಡಿಸುತ್ತದೆ. ಫ್ರೀಗೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಆಗ ಚಕ್ರ ತನ್ನಷ್ಟಕ್ಕೆ ಬೇರಿಂಗ್ ಮೇಲೆ ಉರುಳುತ್ತದೆ, ಒಳಗಿನ ಶಾಫ್ಟು, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಎಲ್ಲ ವಿಶ್ರಾಂತಿಯಲ್ಲಿರುತ್ತವೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ವಿಲ್ಲಿಸ್ ಜೀಪುಗಳು ಅಮೆರಿಕದಲ್ಲಿ ಸಾಮಾನ್ಯರ ಕೈಗೆ ಬಂದವು. ಅವುಗಳಲ್ಲಿ ಮುಂದಿನ ಸಾಮಾನೆಲ್ಲ ಸದಾ ತಿರುಗುತ್ತಲೇ ಇರುತ್ತಿತ್ತು. ಡಾಂಬರಿನ ಮೇಲೆ ಅದರಿಂದ ಸದ್ದು, ಸವಕಳಿ, ಎಣ್ಣೆ ಖರ್ಚು. ಅದನ್ನು ತಪ್ಪಿಸಲು ಆರ್ಥರ್ ವಾರ್ನ್ ಎಂಬಾತ 1948ರಲ್ಲಿ ಇಂಥ ಹಬ್ ಮಾಡಿ ಮಾರತೊಡಗಿದ. ಅಂದರೆ ಹಬ್ ಇರುವುದು ಜೀಪಿಗೆ ಶಕ್ತಿ ಕೊಡುವುದಕ್ಕಲ್ಲ, ಬೇಡದಾಗ ಮುಂದಿನ ಭಾಗಕ್ಕೆ ರಜೆ ಕೊಡುವುದಕ್ಕೆ. ಇದು ತಲೆಗೆ ಹೋದರೆ ಅರ್ಧ ಗೊಂದಲ ಕಳೆಯಿತು.

ಇನ್ನರ್ಧ, ಒಂದೇ ಹಬ್ ಲಾಕ್ ಆದರೆ ಏನಾಗುತ್ತದೆ ಎಂಬುದು. ಡಿಫರೆನ್ಷಿಯಲ್‌ನ ಸ್ವಭಾವವೇ ಸಲೀಸಾಗಿ ತಿರುಗುವ ಬದಿಗೆ ತಿರುಗಿಸುವುದು. ಫ್ರೀ ಇರುವ ಬದಿಯ ಶಾಫ್ಟಿಗೆ ಚಕ್ರದ ಭಾರವೇ ಇಲ್ಲ, ಹಾಗಾಗಿ ಅದು ಒಳಗೆ ಬರಿದೇ ಗಿರಗಿರನೆ ತಿರುಗುತ್ತದೆ. ಲಾಕ್ ಆದ ಚಕ್ರಕ್ಕೆ ಬಲವೇ ಬರುವುದಿಲ್ಲ. ಒಂದು ಹಬ್ ಹಾಕಿದರೆ ಮೂರು ಚಕ್ರದ ಎಳೆತ ಸಿಗುತ್ತದೆ ಎಂದುಕೊಳ್ಳುವವರಿದ್ದಾರೆ. ಸಿಗುವುದು ಎರಡೇ, ಹಿಂದಿನವು.

ನಿಮ್ಮ ಜೀಪಿನದು ಯಾವ ಹಬ್, ಕೆಲಸ ಮಾಡುತ್ತಿದೆಯೇ

ಮುಂದಿನ ಚಕ್ರದ ನಡುವೆ ತಿರುಗಿಸುವ ಡಯಲ್, ಅದರ ಸುತ್ತ ಲಾಕ್, ಫ್ರೀ ಎಂಬ ಗುರುತು ಇದ್ದರೆ ಅದು ಕೈಯಿಂದ ಹಾಕುವ ಹಬ್. ಡಯಲ್ ಇಲ್ಲದೆ ಬರೀ ಬೋಲ್ಟ್ ಹಾಕಿದ ಚಪ್ಪಟೆ ಕಬ್ಬಿಣವಿದ್ದರೆ ಅದು ಫ್ಲ್ಯಾಂಜ್, ಸದಾ ಲಾಕ್ ಇದ್ದ ಹಾಗೆ. ಈಚಿನ ಕೆಲವು ಗಾಡಿಗಳಲ್ಲಿ ಲಿವರ್ ಎಳೆದರೆ ವ್ಯಾಕ್ಯೂಮ್‌ನಿಂದ ಹಬ್ ತಾನೇ ಕೂಡಿಕೊಳ್ಳುತ್ತದೆ, ಅವುಗಳ ಕಥೆ ಬೇರೆ.

ಸೆಕೆಂಡ್‌ಹ್ಯಾಂಡ್ ಜೀಪು ತಂದವರು ಮೊದಲು ಮಾಡಬೇಕಾದ ಪರೀಕ್ಷೆ ಹೀಗಿದೆ. ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಲಿವರ್ ಟೂವೀಲ್. ಎರಡೂ ಹಬ್ ಫ್ರೀ ಮಾಡಿ ಇಬ್ಬರು ನಿಧಾನ ತಳ್ಳಲಿ, ಬ್ರೇಕಿಗೆ ಒಬ್ಬ ಒಳಗೆ ಕೂತಿರಲಿ. ನೀವು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿ ಬೆಳಕು ಬಿಟ್ಟು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನೋಡಿ. ಅದು ನಿಂತೇ ಇರಬೇಕು. ಈಗ ಎರಡೂ ಲಾಕ್ ಮಾಡಿ ಮತ್ತೆ ತಳ್ಳಿಸಿ. ಶಾಫ್ಟ್ ಚಕ್ರದ ಜೊತೆಗೇ ತಿರುಗಬೇಕು. ಲಾಕ್ ಮಾಡಿಯೂ ತಿರುಗದಿದ್ದರೆ ಯಾವುದೋ ಒಂದು ಹಬ್ ಹಲ್ಲು ಕಚ್ಚುತ್ತಿಲ್ಲ. ಗಾಡಿಯ ಅಡಿಗೆ ಮಾತ್ರ ತೂರಬೇಡಿ.

ಡಯಲ್ ತಿರುಗಿಸುವುದು

ಗಾಡಿ ಪೂರ್ತಿ ನಿಂತಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಟ್ರಾನ್ಸ್‌ಫರ್ ಟೂವೀಲ್‌ನಲ್ಲಿರಬೇಕು. ಡಯಲನ್ನು ಬೆರಳಿನಿಂದ ಹಿಡಿದು ಗುರುತು ಮುಟ್ಟುವವರೆಗೆ ಪೂರ್ತಿ ತಿರುಗಿಸಿ. ಅರ್ಧಕ್ಕೆ ಬಿಟ್ಟರೆ ಹಲ್ಲಿನ ತುದಿಗೆ ತುದಿ ಮಾತ್ರ ಕಚ್ಚುತ್ತದೆ. ಚಲಿಸುವಾಗ ಟಕ್ ಟಕ್ ಎಂದು ಸದ್ದು ಬರುತ್ತದೆ, ಏರಿನಲ್ಲಿ ಭಾರ ಬಿದ್ದಾಗ ಹಲ್ಲು ಹಾರುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು.

ಬಿಗಿಯಾಗಿದೆ ಎಂದು ಕಟಿಂಗ್ ಪ್ಲೇಯರ್ ತರಬೇಡಿ. ಡಯಲ್ ಒಡೆಯುವುದು ಪ್ಲೇಯರ್‌ನಿಂದಲೇ. ಬಹಳ ಸಲ ಬಿಗಿ ಇರುವುದು ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿರುವ ಕಾರಣಕ್ಕೆ. ಗಾಡಿಯನ್ನು ಒಂದು ಗೇಣು ಮುಂದೆ ಅಥವಾ ಹಿಂದೆ ಸರಿಸಿದರೆ ಹಲ್ಲಿಗೆ ಎಡೆ ಸಿಕ್ಕಿ ಕಟ್ ಎಂದು ಕೂರುತ್ತದೆ. ಬಿಚ್ಚುವಾಗಲೂ ಇದೇ: ಮೊದಲು ಲಿವರನ್ನು ಟೂವೀಲ್‌ಗೆ ತಂದು, ನೇರವಾಗಿ ಎರಡು ಮೀಟರ್ ಹಿಂದಕ್ಕೆ ತೆಗೆದು ನಿಲ್ಲಿಸಿ, ಆಮೇಲೆ ಫ್ರೀ ಮಾಡಿ. ಸೀದಾ ತಿರುಗಿಸಲು ಹೋದರೆ ಶಾಫ್ಟಿನಲ್ಲಿ ಉಳಿದ ತಿರುಚು ಹಲ್ಲುಗಳನ್ನು ಹಿಡಿದುಕೊಂಡಿರುತ್ತದೆ. ಘಟ್ಟ ಇಳಿದು ಬಂದ ಕೂಡಲೇ ಮುಟ್ಟಿದರೆ ಕೈ ಸುಡುತ್ತದೆ, ಅದೂ ನೆನಪಿರಲಿ.

ನಾನು ಎರಡೂ ಡಯಲ್ ಮೇಲೆ, ಲಾಕ್‌ನಲ್ಲಿದ್ದಾಗ ಸರಿಯಾಗಿ ಒಂದರ ಎದುರು ಒಂದು ಬರುವಂತೆ, ಬಿಳಿ ಪೇಂಟಿನ ಚುಕ್ಕಿ ಇಟ್ಟಿದ್ದೇನೆ: ಒಂದು ಡಯಲ್‌ಗೆ, ಒಂದು ಸುತ್ತಿನ ಕವಚಕ್ಕೆ. ಮಸುಕು ಬೆಳಕಲ್ಲೂ ನಾಲ್ಕು ಮಾರು ದೂರದಿಂದ ಕಾಣುತ್ತದೆ. ಅಳಿಯನನ್ನು ಕೇಳುವ ಕೆಲಸ ತಪ್ಪಿತು.

ಯಾವಾಗ ಹಾಕಬೇಕು

ಹಬ್ ಲಾಕ್ ಮಾಡಿ, ಲಿವರ್ ಟೂವೀಲ್‌ನಲ್ಲಿಟ್ಟು ಡಾಂಬರಿನ ಮೇಲೆ ಓಡಿಸಿದರೆ ಏನೂ ಹಾಳಾಗುವುದಿಲ್ಲ. ಸ್ವಲ್ಪ ಗುಂಯ್ ಸದ್ದು, ಒಂಚೂರು ಹೆಚ್ಚು ಡೀಸೆಲ್, ಅಷ್ಟೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಹಬ್ ಹಾಕಿದ ಕೂಡಲೇ ಫೋರ್‌ವೀಲ್ ಆಯಿತು ಎಂದು ಹೆದರಿ, ರಾಡಿಯ ಬಾಯಿಗೆ ಬಂದು ನಿಲ್ಲುವವರೆಗೂ ಹಾಕದೆ ಇರುವವರು ಬಹಳ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಹತ್ತಿರ ಬಂದಾಗಲೇ ಹಬ್ ಲಾಕ್ ಮಾಡಿ ಹಾಗೇ ಬಿಡುವವರಿದ್ದಾರೆ, ಒಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಡಯಲ್ ಕದಲುವುದಿಲ್ಲ. ನಮ್ಮಲ್ಲಿ ಆ ಕೆಲಸ ಮೃಗಶಿರಾ ಮಳೆಗೆ. ನಾನು ಆಗ ಲಾಕ್ ಮಾಡಿದರೆ ಹಸ್ತಾ ಮಳೆ ಮುಗಿದು ದಾರಿ ಗಟ್ಟಿಯಾಗುವವರೆಗೂ ಬಿಚ್ಚುವುದಿಲ್ಲ. ಹುಬ್ಬಳ್ಳಿಗೆ ಹೋಗಿಬರುವುದಿದ್ದರೆ ಮಾತ್ರ ಬಿಚ್ಚುತ್ತೇನೆ.

ಚಳಿಗಾಲದಲ್ಲಿ ಮಾತು ಉಲ್ಟಾ. ಹೆಚ್ಚು ದಿನ ಫ್ರೀ, ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ದಿನ ಲಾಕ್. ಕೊಯ್ಲಿಲ್ಲದ ತಿಂಗಳಲ್ಲೂ ಒಂದು ಸಲ ಲಾಕ್ ಮಾಡಿ, ಟೂವೀಲ್‌ನಲ್ಲೇ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ಮೇಲಿನ ಹಲ್ಲಿಗೆ ಹತ್ತುವುದು, ಸೀಲುಗಳು ಒಣಗದೆ ಉಳಿಯುವುದು ಅದರಿಂದಲೇ.

ಲಿವರ್ ಎಳೆಯುವ ಹದ

ಹಬ್ ಲಾಕ್ ಆಗಿದ್ದರೆ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಹಾಗಾಗಿ ಸ್ಟೀರಿಂಗ್ ನೇರ ಇಟ್ಟು, ನಡಿಗೆಯ ವೇಗದಲ್ಲಿ, ಎಕ್ಸಿಲೇಟರ್ ಬಿಟ್ಟು ಫೋರ್ ಹೈಗೆ (ಮಾಮೂಲಿ ವೇಗದ ಫೋರ್‌ವೀಲ್) ಎಳೆದರೆ ಬೆಣ್ಣೆಯ ಹಾಗೆ ಬೀಳುತ್ತದೆ. ಹಬ್ ಫ್ರೀ ಇದ್ದಾಗ ಚಲಿಸುತ್ತಾ ಎಳೆದರೆ ಒಂದು ಶಾಫ್ಟ್ ಓಡುತ್ತಿದೆ, ಇನ್ನೊಂದು ನಿಂತಿದೆ, ಗೇರು ಕರ್‌ರ್ ಎಂದು ಅರಚುತ್ತದೆ. ಫೋರ್ ಲೋಗೆ ಯಾವಾಗಲೂ ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ ಹಾಕಬೇಕು.

ಲೋ ಅಂದರೆ ಹಳೆಯ ಜೀಪುಗಳಲ್ಲಿ ಹೆಚ್ಚುಕಮ್ಮಿ ಎರಡೂವರೆ ಪಟ್ಟು ನಿಧಾನ, ಅಷ್ಟೇ ಪಟ್ಟು ಬಲ. ಏರಿಗೆ ಎರಡನೇ ಗೇರು, ಇಳುಕಲಿಗೆ ಮೊದಲನೇ ಗೇರು ಎಂಬುದು ನನ್ನ ಲೆಕ್ಕ. ಏರಿನಲ್ಲೂ ಮೊದಲನೇ ಗೇರು ಹಾಕಿದರೆ ಬಲ ಮಿತಿಮೀರಿ ಚಕ್ರ ಸುಮ್ಮನೆ ಮಣ್ಣು ಉಗುಳುತ್ತದೆ.

ಗಟ್ಟಿ ನೆಲದ ಮೇಲೆ ಫೋರ್‌ವೀಲ್ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಆದರೆ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದೆ. ಮಣ್ಣಿನಲ್ಲಿ ಚಕ್ರ ಒಂಚೂರು ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ತಿರುಚು ಶಾಫ್ಟಿನಲ್ಲಿ ಸೇರುತ್ತಾ ಹೋಗುತ್ತದೆ. ಸ್ಟೀರಿಂಗ್ ಕಲ್ಲಾಗುತ್ತದೆ, ಲಿವರ್ ವಾಪಸು ಬರುವುದಿಲ್ಲ. ಹಾಗೆ ಸಿಕ್ಕಿಬಿದ್ದರೆ ಬಲಪ್ರಯೋಗ ಬೇಡ. ನೇರ ಹಿಂದಕ್ಕೆ ನಾಲ್ಕು ಮಾರು ತೆಗೆಯುತ್ತಾ ಲಿವರ್ ಮೇಲೆ ಹಗುರ ಒತ್ತಡ ಇಟ್ಟರೆ ತಾನೇ ಬಿಡುತ್ತದೆ. ದೇವಿಮನೆ ಘಟ್ಟ, ಅರಬೈಲು ಘಟ್ಟದ ಮಂಜಿನಲ್ಲಿ ಡಾಂಬರು ಒದ್ದೆಯಾಗಿ ಕಂಡರೂ ಅಲ್ಲಿ ಟೂವೀಲೇ ಸರಿ. ಕೆಳಗಿನ ಗೇರು, ಉರಿಯುವ ಲೈಟು, ಮುಂದಿನ ಲಾರಿಯಿಂದ ಅಂತರ, ಅಲ್ಲಿ ಬೇಕಾದ್ದು ಇಷ್ಟು.

ಕೊನೆಕೊಯ್ಲಿನ ದಾರಿ

ಮಳೆಗಾಲದ ರಾಡಿಯ ಬಗ್ಗೆ ಎಲ್ಲರಿಗೂ ಭಯವಿದೆ. ಚಳಿಗಾಲದ ದಾರಿಯ ಬಗ್ಗೆ ಇಲ್ಲ, ಅದಕ್ಕೇ ಜೀಪು ಮಗುಚುವುದು ಆಗ. ಮಾರ್ಗಶಿರ, ಪುಷ್ಯದ ಹೊತ್ತಿಗೆ ನೆಲ ಒಣಗಿರುತ್ತದೆ, ಆದರೆ ಮಳೆಗಾಲದ ಜಾಡುಗಳು ಹಾಗೇ ಗಟ್ಟಿಯಾಗಿ, ನಡುವೆ ಗೋಡೆಯಂಥ ದಿಣ್ಣೆ ಎದ್ದಿರುತ್ತದೆ. ಅದರ ಮೇಲೆ ಸೊಪ್ಪಿನಬೆಟ್ಟದ ದರಕು (ಒಣಎಲೆ) ಉದುರಿ ಎಲ್ಲವನ್ನೂ ಸಮ ಮಾಡಿ ತೋರಿಸುತ್ತದೆ. ಬೆಳಿಗ್ಗೆ ಇಬ್ಬನಿ ಬಿದ್ದ ದರಕು ಸೋಪಿನ ಹಾಗೆ ಜಾರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಅದು ಒಣಗಿದರೆ, ಅಡಿಯಲ್ಲಿರುವ ಜಂಬಿಟ್ಟಿಗೆಯ ಪುಡಿಗಲ್ಲು ಕಡಲೆಕಾಳು ಚೆಲ್ಲಿದ ಹಾಗೆ ಉರುಳುತ್ತದೆ.

ನಾನು ಮಾಡುವುದು ಇಷ್ಟು. ಕೊನೆಗೌಡ ಮರ ಹತ್ತುವ ಮೊದಲು ಒಂದು ಸಲ ಕತ್ತಿ, ಹಾರೆ ಹಿಡಿದು ದಾರಿ ನಡೆದು ಬರುತ್ತೇನೆ. ದಿಣ್ಣೆ ತೀರಾ ಎತ್ತರ ಇದ್ದಲ್ಲಿ ಕಡಿದು ಜಾಡಿಗೆ ತಳ್ಳುತ್ತೇನೆ. ತಿರುವಿನ ದರಕನ್ನು ಗುಡಿಸಿ ಹಾಕಿಸುತ್ತೇನೆ, ಅದು ಹೇಗೂ ಕೊಟ್ಟಿಗೆಗೆ ಬೇಕು. ಹಬ್ ಲಾಕ್, ಖಾಲಿ ಇಳಿಯುವಾಗಲೂ ಫೋರ್ ಲೋ ಮೊದಲನೇ ಗೇರು, ಕಾಲು ಕ್ಲಚ್ಚಿನಿಂದ ದೂರ. ನಾಲ್ಕೂ ಚಕ್ರದ ಮೇಲೆ ಎಂಜಿನ್ನಿನ ಹಿಡಿತ ಇರುವುದರಿಂದ ಬ್ರೇಕಿನ ಕೆಲಸ ಕಡಿಮೆ. ಹಿಂಭಾಗ ಪಕ್ಕಕ್ಕೆ ಸರಿಯತೊಡಗಿದರೆ ಬ್ರೇಕ್ ತುಳಿಯುವ ಆಸೆ ಬರುತ್ತದೆ. ತುಳಿಯಬೇಡಿ, ಸ್ವಲ್ಪ ಎಕ್ಸಿಲೇಟರ್ ಕೊಡಿ, ಚಕ್ರ ಮತ್ತೆ ಉರುಳತೊಡಗಿದರೆ ಗಾಡಿ ಸಾಲಿಗೆ ಬರುತ್ತದೆ. ಇದನ್ನು ಓದಿ ಕಲಿಯಲಾಗದು, ಸಣ್ಣ ಇಳುಕಲಿನಲ್ಲಿ ಖಾಲಿ ಗಾಡಿಯಲ್ಲಿ ಹತ್ತು ಸಲ ಮಾಡಿ.

ಗೊನೆ ತುಂಬಿದ ಮೇಲೆ ಗಾಡಿಯ ಸ್ವಭಾವವೇ ಬೇರೆ. ಹಿಂದೆ ಭಾರ ಬಿದ್ದು ಹಿಂದಿನ ಚಕ್ರ ಚೆನ್ನಾಗಿ ಕಚ್ಚುತ್ತದೆ, ಮುಂದಿನದು ಹಗುರಾಗಿ ಸ್ಟೀರಿಂಗ್ ಕೇಳುವುದಿಲ್ಲ. ಗೊನೆಗಳನ್ನು ಆದಷ್ಟು ಮುಂದಕ್ಕೆ, ತಗ್ಗಿಗೆ ಹಾಕಿ. ಡಾಲೆಯ (ಹಿಂದಿನ ತಡೆಹಲಗೆ) ಮೇಲೆ ಆಳು ಕೂರಿಸಬೇಡಿ.

ಒಣಹುಲ್ಲು, ದರಕಿನ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ತಾಗಿ ಬೆಂಕಿ ಹೊತ್ತಿದರೆ ಗಾಡಿಯ ಜೊತೆ ಬೆಟ್ಟವೂ ಹೋಗುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿದ ಬಳ್ಳಿಯನ್ನೂ ಅಲ್ಲೇ ಬಿಡಿಸಿಬಿಡಿ, ಸೀಲು ಕೀಳುವುದು ಅದೇ.

ರಾಡಿ, ಹಳ್ಳ, ಮರಳು

ರಾಡಿಗೆ ಇಳಿಯುವ ಮೊದಲೇ ಗೇರು ತೀರ್ಮಾನವಾಗಿರಬೇಕು, ನಡುವೆ ಕ್ಲಚ್ ಒತ್ತಿದರೆ ಗಾಡಿ ಅಲ್ಲೇ ಕೂರುತ್ತದೆ. ಒಂದೇ ಸಮ ಎಕ್ಸಿಲೇಟರ್. ಎಳೆತ ಕಡಿಮೆಯಾಗುತ್ತಾ ಬಂದರೆ ಸ್ಟೀರಿಂಗನ್ನು ಎಡಬಲ ಸ್ವಲ್ಪ ಅಲ್ಲಾಡಿಸಿ, ಟೈರಿನ ಅಂಚು ಜಾಡಿನ ಗೋಡೆಗೆ ಕಚ್ಚುತ್ತದೆ. ಟೈರಿನ ಗಾಳಿ 18-20 ಪಿಎಸ್‌ಐಗೆ ಇಳಿಸಿದರೆ ಹಿಡಿತ ಎಷ್ಟೋ ಹೆಚ್ಚು, ಆದರೆ ಡಾಂಬರು ಹತ್ತುವ ಮೊದಲು ತುಂಬಿಸಲೇಬೇಕು. ನಾಲ್ಕು ಚಕ್ರದ ಗಾಡಿ ಎಂದ ಮಾತ್ರಕ್ಕೆ ನಾಲ್ಕೂ ಎಳೆಯುತ್ತವೆ ಎಂದುಕೊಳ್ಳಬೇಡಿ. ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಮುಂದಿನದೊಂದು ಹಿಂದಿನದೊಂದು ಗಾಳಿಗೆ ಸಿಕ್ಕಿದರೆ ಉಳಿದೆರಡು ನಿಂತೇಬಿಡುತ್ತವೆ. ಆಗ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಎಕ್ಸಿಲೇಟರ್ ಕೊಟ್ಟರೆ, ತಿರುಗುವ ಚಕ್ರಕ್ಕೆ ತಡೆ ಬಿದ್ದು ಸ್ವಲ್ಪ ಬಲ ಇನ್ನೊಂದಕ್ಕೆ ಹೋಗಬಹುದು.

ಹೂತರೆ ಒಂದೇ ಸಲ ಪ್ರಯತ್ನಿಸಿ, ಆಮೇಲೆ ಇಳಿಯಿರಿ. ಚಕ್ರದ ಮುಂದಿನ ಮಣ್ಣು ಇಳಿಜಾರಾಗಿ ತೆಗೆದು ಅಡಿಕೆ ದಬ್ಬೆ (ಸೀಳಿದ ಅಡಿಕೆಮರ) ಕೊಡಿ. ದಬ್ಬೆಯ ಸಿಪ್ಪೆಯ ಬದಿ ಕೆಳಗೆ, ನಾರಿನ ಬದಿ ಮೇಲೆ, ಮತ್ತು ಚಕ್ರಕ್ಕೆ ಅಡ್ಡ. ಉದ್ದಕ್ಕೆ ಇಟ್ಟರೆ ಬಾಣದ ಹಾಗೆ ಹಿಂದಕ್ಕೆ ಹಾರುತ್ತದೆ, ಹಿಂದೆ ಯಾರೂ ನಿಂತಿರಬಾರದು. ಹಗ್ಗ ಕಟ್ಟಿ ಎಳೆಸುವಾಗ ಅದರ ನಡುವೆ ಒದ್ದೆ ಗೋಣಿಚೀಲ ಹಾಕಿ, ಹಗ್ಗದುದ್ದದ ದೂರಕ್ಕೆ ಜನರನ್ನು ಕಳಿಸಿ.

ಹಳ್ಳ ದಾಟುವ ಮೊದಲು ನಡೆದು ನೋಡಿ. ಹರಿಯುವ ನೀರು ಹಬ್‌ನ ಎತ್ತರ ಮುಟ್ಟಿದರೆ ನಾನು ಇಳಿಸುವುದಿಲ್ಲ. ಕೆಂಪು ನೀರಾದರೆ ಅದಕ್ಕಿಂತ ಕಡಿಮೆ ಇದ್ದರೂ ಇಲ್ಲ, ತಳ ಕಾಣುವುದಿಲ್ಲವಲ್ಲ. ಚಳಿಗಾಲದ ತಿಳಿನೀರಿನಲ್ಲಿ ಬೇರೆಯೇ ಪೇಚು: ಇಳುಕಲಿನಲ್ಲಿ ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ದಡದಲ್ಲಿ ಕಾಲು ಗಂಟೆ ನಿಲ್ಲಿಸಿ, ಕವಳ (ಎಲೆಅಡಿಕೆ) ಹಾಕಿ, ಆಮೇಲೆ ದಾಟಿ.

ಗುಡ್ಡ ಜರಿಯುವ ಮಳೆಯಲ್ಲಿ ಯಾವ ಹಬ್ಬೂ ಕೆಲಸಕ್ಕೆ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು ನೆನಪಿರುವವರು ಅಂಥ ದಿನ ಜೀಪು ಹೊರಗೆ ತೆಗೆಯುವುದಿಲ್ಲ.

ಕರಾವಳಿಯ ನೆಂಟರು ಕಡಲತೀರದಲ್ಲಿ ಓಡಿಸೋಣ ಎನ್ನುತ್ತಾರೆ. ನಾನು ಹೋಗುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಂಥ ತೀರಗಳಲ್ಲಿ ಚಳಿಗಾಲದಲ್ಲೇ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅದು ಹೋಗಲಿ ಎಂದರೆ, ಉಪ್ಪು ನೀರಿಗೆ ಹಬ್‌ನ ಅಲ್ಯೂಮಿನಿಯಂ ಕವಚ, ಕಬ್ಬಿಣದ ಬೋಲ್ಟ್ ಎರಡೂ ಸೇರಿ ಹಿಡಿದುಕೊಂಡು ಮುಂದೆ ಬಿಚ್ಚಲು ಬರುವುದಿಲ್ಲ. ಕುಮಟಾ, ಕಾರವಾರದವರು ಗಾಳಿಯ ಉಪ್ಪಿಗೇ ಎರಡು ಪಟ್ಟು ಎಚ್ಚರ ವಹಿಸಬೇಕು.

ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು

ದೀಪಾವಳಿ ಕಳೆದು ಕೊಯ್ಲು ಶುರುವಾಗುವ ಮೊದಲು ಒಂದು ಮಧ್ಯಾಹ್ನ ಸಾಕು. ಹೊರಗಿನ ಮಣ್ಣು ಬ್ರಶ್ಶಿನಿಂದ ತೆಗೆದ ಮೇಲೆ ಮುಚ್ಚಳದ ಅಲನ್ ಬೋಲ್ಟುಗಳನ್ನು ಬಿಚ್ಚಿ. ಮುಚ್ಚಳ ತೆಗೆದಾಗ ಗ್ರೀಸ್ ಜೇನಿನ ಬಣ್ಣದಲ್ಲಿದ್ದರೆ ಸುಖ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ, ಓರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಬದಲಿಸಬೇಕು, ಜೊತೆಗೆ ಚಕ್ರದ ಬೇರಿಂಗನ್ನೂ ನೋಡಿಸಬೇಕು. ಹಲ್ಲುಂಗುರವನ್ನು ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಬೆರಳ ತುದಿಯಲ್ಲಿ ತೆಳ್ಳಗೆ ಗ್ರೀಸ್ ಸವರಿ. ಇಲ್ಲಿಯೇ ಮೆಕ್ಯಾನಿಕ್‌ಗಳೂ ತಪ್ಪುವುದು. ಒಮ್ಮೆ ಒಂದು ಗ್ಯಾರೇಜಿನಲ್ಲಿ ಒಳ್ಳೆಯದಾಗಲಿ ಎಂದು ಮುಷ್ಟಿಗಟ್ಟಲೆ ಗ್ರೀಸ್ ತುರುಕಿ ಕೊಟ್ಟರು. ಉಂಗುರ ಸರಿಯಲು ಜಾಗವೇ ಇಲ್ಲದೆ ಡಯಲ್ ಲಾಕ್ ತೋರಿಸುತ್ತಿತ್ತು, ಒಳಗೆ ಹಲ್ಲು ಅರ್ಧವೂ ಕೂತಿರಲಿಲ್ಲ.

ಒಂದು ಹಬ್ ದಾರಿಯಲ್ಲಿ ಮುರಿದರೆ ಎರಡನ್ನೂ ಫ್ರೀ ಮಾಡಿ ಟೂವೀಲ್‌ನಲ್ಲಿ ಮನೆಗೆ ಬನ್ನಿ. ಫ್ರೀ ಆಗದೆ ಲಾಕ್‌ನಲ್ಲೇ ಸಿಕ್ಕಿಕೊಂಡರೂ ಟೂವೀಲ್‌ನಲ್ಲಿ ಬರಲು ಅಡ್ಡಿಯಿಲ್ಲ. ನನ್ನ ಸೀಟಿನಡಿ ಗೋಣಿಚೀಲದಲ್ಲಿ ಒಂದು ಜೊತೆ ಹಳೆಯ ಫ್ಲ್ಯಾಂಜ್, ಅಲನ್ ಕೀ, ಸರ್‌ಕ್ಲಿಪ್ (ಶಾಫ್ಟಿನ ತುದಿಯ ಸ್ಪ್ರಿಂಗ್ ಉಂಗುರ) ತೆಗೆಯುವ ಪ್ಲೇಯರ್ ಇರುತ್ತದೆ. ಹಬ್ ಕಿತ್ತು ಫ್ಲ್ಯಾಂಜ್ ಹಾಕಿದರೆ ಆ ಬದಿ ಸದಾ ಲಾಕ್, ಕೆಲಸ ಮುಂದುವರಿಯುತ್ತದೆ.

ಆ ಸರ್‌ಕ್ಲಿಪ್ ತೆಗೆಯುವಾಗ ಮಾತ್ರ ಎಡಗೈಯನ್ನು ಅದರ ಮುಂದೆ ಬೋಗುಣಿಯ ಹಾಗೆ ಹಿಡಿದುಕೊಳ್ಳಿ, ಕೆಳಗೆ ಬಿಳಿ ಪಂಚೆ ಹಾಸಿ. ಹೋದ ವರ್ಷ ಟಿಣ್ ಎಂದು ಹಾರಿದ್ದು ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ನಡುವೆ ಬಿತ್ತು. ಸಿಕ್ಕಿದ್ದು ಮೂರನೇ ದಿನ, ಅಡಿಕೆ ತಿರುವಿಹಾಕುವಾಗ, ಹೆಂಡತಿಯ ಕೈಗೆ.